ಕೇಪಿನ ಕೋವಿ: ಮದ್ದು ಹೆಚ್ಚಾದರೆ ಗುರಿ ಹೆಚ್ಚದು

ಪುತ್ತೂರು, ಸುಳ್ಯ, ಕಡಬ ತಾಲೂಕುಗಳ ಕೃಷಿಕರ ಮನೆಯಲ್ಲಿ ಕೋವಿ ಬೇಟೆಯ ಸಾಮಾನಲ್ಲ. ಕತ್ತಿ, ಹಾರೆ, ಪಿಕ್ಕಾಸಿನ ಹಾಗೆ ಅದೂ ಒಂದು ಹತ್ಯಾರು. ಲೈಸೆನ್ಸು ಸಿಕ್ಕಿದ್ದೇ ಬೆಳೆ ರಕ್ಷಣೆಗೆ ಅಂತ. ತುಳುವಿನಲ್ಲಿ ನಾವು ಇದಕ್ಕೆ ಬೆಡಿ ಅನ್ನುತ್ತೇವೆ. ಹಳೆಯ ಮನೆಗಳಲ್ಲಿ ಇರುವುದು ಕೇಪಿನ ಕೋವಿ. ಅಂದರೆ ನಳಿಗೆಯ ಬಾಯಿಯಿಂದ ಮದ್ದು, ಚರೆ ತುಂಬಿಸಿ, ಹಿಂದೆ ಕೇಪು ಇಟ್ಟು ಹೊಡೆಯುವಂಥದ್ದು.

ಕತ್ತಿ ಮಸೆಯುವುದನ್ನು, ಪಂಪು ರಿಪೇರಿಯನ್ನು ನಾವು ಒಬ್ಬರಿಗೊಬ್ಬರು ಹೇಳಿಕೊಡುತ್ತೇವೆ. ಕೋವಿಯ ವಿಷಯ ಮಾತ್ರ ಯಾರೂ ಬಾಯಿಬಿಡುವುದಿಲ್ಲ. ಅದರಿಂದಾಗಿ ತಪ್ಪು ನಂಬಿಕೆಗಳು ಅಪ್ಪನಿಂದ ಮಗನಿಗೆ ಹಾಗೆಯೇ ದಾಟುತ್ತಿವೆ. ಅದರಲ್ಲಿ ಮೊದಲನೆಯದು, ಮದ್ದು ಒಂದು ಚಿಟಿಕೆ ಜಾಸ್ತಿ ಹಾಕಿದರೆ ಈಡು ಚೆನ್ನಾಗಿ ಹೋಗ್ತದೆ ಅನ್ನುವುದು. ಇದು ಸರಿಯಲ್ಲ. ಯಾಕೆ ಅಂತ ಇಲ್ಲಿ ಬರೆದಿದ್ದೇನೆ.

ನನ್ನದು ನೀರಾವರಿ ಇಲ್ಲದ ಜಾಗ. ಸ್ವಲ್ಪ ಬೆಟ್ಟು ಗದ್ದೆ, ಮೇಲೆ ಗೇರುಗುಡ್ಡೆ, ಬದಿಯಲ್ಲಿ ಮರಗೆಣಸು, ಸುವರ್ಣಗೆಡ್ಡೆ. ಬೈಲು ಗದ್ದೆಯವರು ಮೂರು ಬೆಳೆ ತೆಗೆದಾರು, ಮಜಲಿನವರು ಎರಡು. ಬೆಟ್ಟಿನವರಿಗೆ ಮಳೆಯನ್ನು ನಂಬಿದ ಏಣೆಲು ಒಂದೇ. ಸೋಣ ಕಳೆದು ತೆನೆಯಲ್ಲಿ ಹಾಲು ತುಂಬುವಾಗ ಹಂದಿ ಹಿಂಡು ಒಂದು ರಾತ್ರಿ ಹೊಕ್ಕರೆ ಸಾಕು, ಮತ್ತೆ ಮುಂದಿನ ವರ್ಷವೇ. ಹಾಗಾಗಿ ಕೋವಿ ನಮಗೆ ಬೇಕು. ಆದರೆ ಅದು ಮನೆಯವರ ಕೈ ಕಣ್ಣು ತೆಗೆಯಬಾರದು, ನೆರೆಕರೆಗೆ ಕಂಟಕ ಆಗಬಾರದು.

ಪ್ರತಿ ಈಡೂ ಕೈತುಂಬು

ಹನ್ನೆರಡು ಬೋರಿನ ತೋಟಾ ಕೋವಿಗೆ ಕಾರ್ಖಾನೆಯಲ್ಲಿ ತುಂಬಿದ ತೋಟಾ ಬರುತ್ತದೆ. ಪುಣೆ ಹತ್ತಿರದ ಖಡ್ಕಿ ಕಾರ್ಖಾನೆಯ 'ಶಕ್ತಿಮಾನ್' ತೋಟಾ ನಮ್ಮಲ್ಲಿ ಹಲವರಿಗೆ ಗೊತ್ತು. ಅದರಲ್ಲಿ ಮದ್ದೆಷ್ಟು, ಚರೆಯೆಷ್ಟು ಅಂತ ನಾವು ತಲೆಕೆಡಿಸಿಕೊಳ್ಳಬೇಕಾಗಿಲ್ಲ. ಎಲ್ಲವನ್ನೂ ಯಂತ್ರ ಅಳೆದು ಹಾಕಿರುತ್ತದೆ.

ಕೇಪಿನ ಕೋವಿಯಲ್ಲಿ ಹಾಗಲ್ಲ. ಅಲ್ಲಿ ಪ್ರತಿ ಈಡನ್ನೂ ನಾವೇ ತುಂಬಬೇಕು. ಅಂದರೆ ಕಾರ್ಖಾನೆ ಮಾಡುವ ಕೆಲಸ ನಮ್ಮ ಕೈಗೆ ಬಂತು.

ಅಮೆರಿಕದಲ್ಲಿ ಕರು, ಕುರಿಮರಿ ಹಿಡಿಯುವ ಕಯೋಟಿ ಎಂಬ ತೋಳದ ಜಾತಿಯ ಪ್ರಾಣಿಗೆ, ಹುಲ್ಲುಗಾವಲಿನಲ್ಲಿ ಬಿಲ ತೋಡುವ ಪ್ರಾಣಿಗಳಿಗೆ ರೈಫಲಿನಿಂದ ಗುರಿ ಇಡುವವರಿದ್ದಾರೆ. ಅವರಲ್ಲಿ ಎಷ್ಟೋ ಜನ ಖಾಲಿ ತೋಟಾವನ್ನು ಮನೆಯಲ್ಲೇ ಮತ್ತೆ ತುಂಬುತ್ತಾರೆ. ಅಲ್ಲಿನ ಕಾನೂನು ಬೇರೆ, ನಮ್ಮಲ್ಲಿ ಅದನ್ನು ಮಾಡುವಂತಿಲ್ಲ. ಆದರೆ ಅವರ ಶಿಸ್ತು ಕಲಿಯುವಂಥದ್ದು. ಅವರು ಮದ್ದನ್ನು 'ಗ್ರೇನ್' ಲೆಕ್ಕದಲ್ಲಿ ತೂಗುತ್ತಾರೆ. ಗ್ರೇನ್ ಅಂದರೆ ಹಿಂದಿನ ಕಾಲದಲ್ಲಿ ಒಂದು ಬಾರ್ಲಿ ಕಾಳಿನ ತೂಕ. 7000 ಗ್ರೇನ್ ಸೇರಿದರೆ ಒಂದು ಪೌಂಡು. ಒಂದು ಗ್ರೇನ್ ಸುಮಾರು 65 ಮಿಲಿಗ್ರಾಂ, ನಮ್ಮ ಅಕ್ಕಸಾಲಿಗರ ಗುಲಗಂಜಿಯ ಹೆಚ್ಚುಕಡಿಮೆ ಅರ್ಧ. ಅಷ್ಟು ಸೂಕ್ಷ್ಮವಾಗಿ ತೂಗುವುದು ಜಾಸ್ತಿ ಮದ್ದು ತುಂಬಲಿಕ್ಕಲ್ಲ. ಒಂದು ಈಡು ಇನ್ನೊಂದು ಈಡಿನ ಹಾಗೆಯೇ ಇರಬೇಕು ಅಂತ.

ಗುರಿಯ ಗುಟ್ಟು ಇಷ್ಟೇ. ಜೋರು ಬೇಡ, ಒಂದೇ ರೀತಿ ಬೇಕು.

ಹೆಚ್ಚು ಮದ್ದು ಏನು ಮಾಡ್ತದೆ?

ನಮ್ಮ ಕೋವಿಯ ನಳಿಗೆಯ ಒಳಗೆ ರೈಫಲಿನ ಹಾಗೆ ತಿರುಪು ಗೆರೆ ಇಲ್ಲ, ಒಳಮೈ ನುಣುಪು. ಒಳಗಿಂದ ಹೊರಟ ಚರೆ ಬಾಯಿ ದಾಟಿದ ಕೂಡಲೇ ಹರಡಲು ಶುರುವಾಗುತ್ತದೆ. ಹೊಸ ತೋಟಾ ಕೋವಿಗಳಲ್ಲಿ ಬಾಯಿಯ ಹತ್ತಿರ ನಳಿಗೆಯನ್ನು ಸ್ವಲ್ಪ ಕಿರಿದು ಮಾಡಿ ಚರೆಯನ್ನು ಒಟ್ಟಿಗೆ ಇಡುತ್ತಾರೆ. ಇದಕ್ಕೆ 'ಚೋಕ್' ಅನ್ನುತ್ತಾರೆ. ಹಳೆಯ ಕೇಪಿನ ಕೋವಿಗಳಲ್ಲಿ ಸಾಮಾನ್ಯವಾಗಿ ಅದು ಇರುವುದಿಲ್ಲ.

ಲೆಕ್ಕ ಹೇಳುವುದಾದರೆ, 40 ಗಜ (ಸುಮಾರು 36 ಮೀಟರ್) ದೂರದಲ್ಲಿ 30 ಇಂಚಿನ ವೃತ್ತ ಬರೆದು ಹೊಡೆದರೆ, ಪೂರ್ತಿ ಚೋಕ್ ಇರುವ ಕೋವಿಯ ಚರೆಯಲ್ಲಿ ನೂರಕ್ಕೆ 70ರಷ್ಟು ವೃತ್ತದ ಒಳಗೆ ಬೀಳುತ್ತವೆ. ಚೋಕ್ ಇಲ್ಲದ ನಳಿಗೆಯಲ್ಲಿ 40ರಷ್ಟು ಮಾತ್ರ. ಉಳಿದ 60 ಎಲ್ಲಿ ಹೋದವು? ಅಕ್ಕಪಕ್ಕಕ್ಕೆ. ಅಲ್ಲಿ ದನವೋ ಮಕ್ಕಳೋ ಇದ್ದರೆ?

ಈ ಹರಡುವಿಕೆ ಕಡಿಮೆ ಆಗಲಿ ಅಂತ ಮದ್ದು ಹೆಚ್ಚಿಸಿದರೆ ಆಗುವುದು ಉಲ್ಟಾ. ಮದ್ದಿನ ಗಾಳಿ ಹಿಂದಿನಿಂದ ಚರೆಯ ನಡುವೆ ನುಗ್ಗಿ ಅದನ್ನು ಇನ್ನಷ್ಟು ಚೆಲ್ಲಾಪಿಲ್ಲಿ ಮಾಡುತ್ತದೆ. ನಡುವೆ ಖಾಲಿ, ಸುತ್ತ ಚರೆ. ಗುರಿ ಇಟ್ಟ ಜಾಗದಲ್ಲೇ ಏನೂ ಇಲ್ಲ. ಶಬ್ದ ದೊಡ್ಡದು, ಭುಜಕ್ಕೆ ಗುದ್ದು ದೊಡ್ಡದು, ಹೊಗೆ ದೊಡ್ಡದು. ಇದನ್ನು ನೋಡಿ 'ಎಂಥ ಈಡು ಮಾರಾಯ್ರೆ!' ಅಂತ ಖುಷಿಪಡುವವರಿದ್ದಾರೆ. ಗದ್ದೆಗೆ ಬಂದ ಲಾಭ ಸೊನ್ನೆ.

ಇನ್ನೊಂದು ಅಪಾಯ ನಳಿಗೆಯದ್ದು. ಅಜ್ಜನ ಕಾಲದ ನಳಿಗೆ ಒಳಗಿಂದ ತುಕ್ಕು ತಿಂದು ಎಲ್ಲಿ ತೆಳುವಾಗಿದೆ ಅಂತ ಹೊರಗೆ ಕಾಣಿಸುವುದಿಲ್ಲ. ಎಣ್ಣೆ ಹಚ್ಚಿ ಹೊಳೆಯುತ್ತಿರುತ್ತದೆ, ಅಷ್ಟೆ. ಮದ್ದು, ಚರೆಯ ಅಳತೆ ಆಯಾ ಕೋವಿಗೆ ಅದರದ್ದೇ. ಅದನ್ನು ಲೈಸೆನ್ಸುಳ್ಳ ಕೋವಿ ರಿಪೇರಿಯವರಲ್ಲಿ ನಳಿಗೆ ತೋರಿಸಿ ಕೇಳಿಕೊಳ್ಳಬೇಕು. ನೆರೆಮನೆಯ ಕೋವಿಯ ಅಳತೆ ನಮ್ಮದಕ್ಕೆ ಆಗುವುದಿಲ್ಲ. ಹಾಗಾಗಿ ಇಲ್ಲಿ ನಾನು ಅಳತೆಯ ಅಂಕೆ ಕೊಡುವುದಿಲ್ಲ.

ಒಂದೇ ರೀತಿ ತುಂಬಲು ಕೆಲವು ಕ್ರಮಗಳು

1. ಸಲಾಕೆಗೆ ಗುರುತು: ಮದ್ದು ಜಡಿಯುವ ಸಲಾಕೆಯನ್ನು ಖಾಲಿ ನಳಿಗೆಗೆ ಇಳಿಸಿ, ಬಾಯಿಯ ಮಟ್ಟಕ್ಕೆ ಸಲಾಕೆಯ ಮೇಲೆ ಒಂದು ಗೆರೆ ಕೊರೆಯಿರಿ. ಸರಿಯಾಗಿ ತುಂಬಿದ ಮೇಲೆ ಇನ್ನೊಂದು ಗೆರೆ. ಮುಂದೆ ಯಾವಾಗ ಇಳಿಸಿದರೂ ಕೋವಿ ಖಾಲಿಯೋ, ತುಂಬಿದೆಯೋ, ಎರಡು ಸಲ ತುಂಬಿದೆಯೋ ಅಂತ ಗೊತ್ತಾಗುತ್ತದೆ. ನಮ್ಮ ನೆರೆಕರೆಯ ಒಬ್ಬರ ಮನೆಯಲ್ಲಿ ಅಣ್ಣ ತುಂಬಿ ಇಟ್ಟದ್ದು ತಮ್ಮನಿಗೆ ಗೊತ್ತಿರಲಿಲ್ಲ. ಅವರು ಮತ್ತೊಮ್ಮೆ ತುಂಬಿದರು. ನಳಿಗೆ ಸೀಳಿ ಎಡಗೈಯ ಎರಡು ಬೆರಳು ಹೋಯಿತು. ಈಗ ಅವರಿಗೆ ಅಡಿಕೆ ಸುಲಿಯಲಿಕ್ಕೂ ಕಷ್ಟ. ಒಂದು ಗೆರೆ ಇದ್ದಿದ್ದರೆ ಬೆರಳು ಉಳಿಯುತ್ತಿತ್ತು.

2. ಅಳತೆ ಕೊಳವೆ: ಅಂದಾಜಿನಲ್ಲಿ, ಅಂಗೈಯಲ್ಲಿ ಅಳೆಯುವುದು ಬೇಡ. ಮದ್ದಿಗೆ ಒಂದು, ಚರೆಗೆ ಒಂದು ಗೊತ್ತಾದ ಕೊಳವೆ ಇರಲಿ. ತುಂಬಿ ಮೇಲ್ಭಾಗ ಒರೆಸಿದರೆ ಆಯಿತು. ಒಮ್ಮೆ ಕುಟ್ಟಿ, ಒಮ್ಮೆ ಕುಟ್ಟದೆ ಅಳೆದರೆ ಲೆಕ್ಕ ತಪ್ಪುತ್ತದೆ. ಸೇರಿನಲ್ಲಿ ಭತ್ತ ಅಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

3. ಡಬ್ಬಿಯಿಂದ ನೇರ ಸುರಿಯಬಾರದು: ಹಿಂದಿನ ಈಡಿನ ಕಿಡಿ ನಳಿಗೆಯ ತಳದಲ್ಲಿ ಉಳಿದಿದ್ದರೆ ಡಬ್ಬಿಯೇ ಕೈಯಲ್ಲಿ ಹಾರುತ್ತದೆ. ಒಂದು ಈಡಾದ ಮೇಲೆ ಸ್ವಲ್ಪ ಹೊತ್ತು ಬಿಟ್ಟು, ಒದ್ದೆ ಬಟ್ಟೆಯಲ್ಲಿ ನಳಿಗೆ ಒರೆಸಿ, ಮತ್ತೆ ಒಣ ಬಟ್ಟೆಯಲ್ಲಿ ಒರೆಸಿಯೇ ಮುಂದಿನದ್ದು.

4. ನಡುವೆ ಖಾಲಿ ಬಿಡಬಾರದು: ಮದ್ದಿನ ಮೇಲೆ ತೆಂಗಿನ ಕತ್ತದ ಉಂಡೆ, ಅದರ ಮೇಲೆ ಚರೆ, ಮತ್ತೆ ಉಂಡೆ. ಎಲ್ಲವೂ ಒಂದಕ್ಕೊಂದು ತಾಗಿ ಕೂತಿರಬೇಕು. ಮದ್ದಿಗೂ ಚರೆಗೂ ನಡುವೆ ಜಾಗ ಉಳಿದರೆ ನಳಿಗೆ ಅಲ್ಲೇ ಉಬ್ಬುತ್ತದೆ ಅಥವಾ ಒಡೆಯುತ್ತದೆ. ಉಂಡೆಯ ದಪ್ಪವೂ, ಜಡಿಯುವ ಬಲವೂ ಪ್ರತಿ ಸಲ ಒಂದೇ ಇರಲಿ.

5. ಕೇಪು ಕೊನೆಗೆ: ಹೊಡೆಯುವ ಜಾಗಕ್ಕೆ ಹೋಗಿ ನಿಂತು, ಬಾಯಿ ಸುರಕ್ಷಿತ ದಿಕ್ಕಿಗೆ ಇಟ್ಟ ಮೇಲೆಯೇ ಕೇಪು. ಕೇಪು ಇಟ್ಟ ಕೋವಿ ಹಿಡಿದು ತಡಮೆ ದಾಟುವುದು, ಅಗಳು ಹಾರುವುದು ಬೇಡ.

6. ಬೇರೆ ಮದ್ದು ಬೇಡವೇ ಬೇಡ: ತೋಟಾ ಬಿಚ್ಚಿ ತೆಗೆದ ಹೊಗೆಯಿಲ್ಲದ ಮದ್ದು, ಪಟಾಕಿ ಮದ್ದು ಇವನ್ನು ಕೇಪಿನ ಕೋವಿಗೆ ಹಾಕಿದರೆ ಅದು ಕೋವಿ ಅಲ್ಲ, ಬಾಂಬು. ಈ ನಳಿಗೆ ಕರಿಮದ್ದಿನ ಒತ್ತಡಕ್ಕೆ ಮಾತ್ರ ಮಾಡಿದ್ದು. ಮನೆಯಲ್ಲಿ ಮದ್ದು ಅರೆಯುವುದೂ ಬೇಡ. ಅದು ಕಾನೂನಿಗೂ ವಿರುದ್ಧ, ಜೀವಕ್ಕೂ ಅಪಾಯ. ಪರವಾನಗಿ ಇರುವ ಅಂಗಡಿಯಲ್ಲಿ ಲೈಸೆನ್ಸು ತೋರಿಸಿಯೇ ತನ್ನಿ.

ಕಾಗದದ ಮೇಲೆ ಪರೀಕ್ಷೆ

ನಮ್ಮ ಕೋವಿ ಎಷ್ಟು ದೂರಕ್ಕೆ ಹೇಗೆ ಚರೆ ಎಸೆಯುತ್ತದೆ ಅಂತ ಕಾಗದ ನೋಡಿಯೇ ತಿಳಿಯಬೇಕು. ಹಳೆಯ ಪೇಪರುಗಳನ್ನು ಅಂಟಿಸಿ 75 ಸೆಂಟಿಮೀಟರಿನ ವೃತ್ತ ಬರೆದು, ಹಿಂದೆ ಎತ್ತರದ ಮಣ್ಣಿನ ಬರೆ ಇರುವಲ್ಲಿ ನಿಲ್ಲಿಸಬೇಕು. ಮುರಕಲ್ಲಿನ ಬರೆ ಆಗುವುದಿಲ್ಲ, ಚರೆ ತಿರುಗಿ ಬರಬಹುದು. ಹೀಗೆ ಮಾಡುವ ಮೊದಲು ಠಾಣೆಯಲ್ಲಿ ಕೇಳಿ ಒಪ್ಪಿಗೆ ಪಡೆಯುವುದು, ನೆರೆಮನೆಯವರಿಗೆ ತಿಳಿಸುವುದು ಕ್ರಮ.

20 ಮೀಟರಿನಿಂದ ಶುರು ಮಾಡಿ. ಒಂದು ಕಾಗದಕ್ಕೆ ಒಂದೇ ಈಡು. ವೃತ್ತದೊಳಗಿನ ತೂತು ಎಣಿಸಿ, ಕಾಗದದ ಮೂಲೆಯಲ್ಲಿ ದಿನ, ಹವೆ, ಅಳತೆ ಬರೆದಿಡಿ. ಒಂದು ಕಾಗದ ನೋಡಿ ತೀರ್ಮಾನ ಮಾಡಬಾರದು. ಕಡಿಮೆ ಅಂದರೆ ಮೂರು ಬೇಕು, ಐದಾದರೆ ಒಳ್ಳೆಯದು.

ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಉಂಡೆ ಬದಲಿಸುವುದಾದರೆ ಉಂಡೆ ಮಾತ್ರ. ಗೇರು ಗಿಡಕ್ಕೆ ಒಂದೇ ವರ್ಷ ಗೊಬ್ಬರವನ್ನೂ ಬದಲಿಸಿ ಗೆಲ್ಲನ್ನೂ ಸವರಿದರೆ, ಇಳುವರಿ ಯಾವುದರಿಂದ ಬಂತು ಅಂತ ಹೇಗೆ ಹೇಳುವುದು? ಇಲ್ಲೂ ಹಾಗೆಯೇ. ರಿಪೇರಿಯವರು ಹೇಳಿದ ಅಳತೆಯಿಂದ ಮೇಲೆ ಮಾತ್ರ ಯಾವ ಪರೀಕ್ಷೆಗೂ ಹೋಗಬಾರದು.

ನನ್ನ ಕಾಗದಗಳು ಹೇಳಿದ್ದು: ಒಂದೇ ಅಳತೆ, ಒಂದೇ ಜಡಿತ ಇದ್ದಾಗ ಮೂರು ಕಾಗದವೂ ಹೆಚ್ಚುಕಡಿಮೆ ಒಂದೇ ಥರ. ಒರೆಸದೆ ಹೊಡೆದ ನಾಲ್ಕನೆಯ ಈಡು ಬೇರೆ ಥರ.

ಮಳೆಗಾಲದ ಶತ್ರು

ನಮ್ಮ ಸೀಮೆಯಲ್ಲಿ ವರ್ಷಕ್ಕೆ 3500 ಮಿಲಿಮೀಟರಿಗೂ ಹೆಚ್ಚು ಮಳೆ. ಬೆಳೆಗೆ ಕೋವಿ ಬೇಕಾಗುವುದೂ ಅದೇ ತಿಂಗಳುಗಳಲ್ಲಿ. ಕರಿಮದ್ದು ತೇವ ಹೀರುತ್ತದೆ. ಸುಟ್ಟ ಮೇಲೆ ಉಳಿಯುವ ಮಸಿಯಂತೂ ಇನ್ನೂ ಹೆಚ್ಚು ಹೀರಿ ಒಂದೆರಡು ದಿನದಲ್ಲೇ ನಳಿಗೆಗೆ ತುಕ್ಕು ಹಿಡಿಸುತ್ತದೆ. ಹೊಡೆದ ದಿನವೇ ಬಿಸಿನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿ, ಎಣ್ಣೆ ಹಾಕಬೇಕು. ಬರೀ ಎಣ್ಣೆ ಹಾಕಿದರೆ ಮಸಿಯ ಮೇಲೆ ಎಣ್ಣೆ ಕೂತದ್ದಷ್ಟೆ. ತುಂಬುವ ಮೊದಲು ಆ ಎಣ್ಣೆಯನ್ನೂ ಒರೆಸಿ ತೆಗೆಯಬೇಕು. ಇಲ್ಲದಿದ್ದರೆ ಮದ್ದು ಒದ್ದೆಯಾಗ್ತದೆ.

ಕೇಪು ಸಿಡಿದು ಈಡು ಹೋಗದಿದ್ದರೆ ಕೋವಿಯನ್ನು ಕೂಡಲೇ ಇಳಿಸಬೇಡಿ. ಬಾಯಿ ಅದೇ ದಿಕ್ಕಿಗೆ ಇರಲಿ. ಒದ್ದೆ ಮದ್ದು ಕೆಲವೊಮ್ಮೆ ತಡವಾಗಿ ಹಿಡಿಯುವುದುಂಟು. ಚೆನ್ನಾಗಿ ಕಾದ ಮೇಲೆಯೇ ಮುಂದಿನ ಕೆಲಸ. 'ಯಾಕೆ ಹೋಗ್ಲಿಲ್ಲ?' ಅಂತ ಬಾಯಿಯಿಂದ ಇಣುಕುವುದು ಆತ್ಮಹತ್ಯೆ.

ಬೇಸಿಗೆಯಲ್ಲಿ ಬೇರೆ ಹೆದರಿಕೆ. ಕತ್ತದ ಉಂಡೆ ಹೊಗೆಯಾಡುತ್ತಾ ಒಣಹುಲ್ಲಿಗೆ ಬಿದ್ದರೆ ಗೇರುಗುಡ್ಡೆಗೆ ಬೆಂಕಿ. ಮಾರ್ಚಿ, ಏಪ್ರಿಲಿನಲ್ಲಿ ಹುಲ್ಲು ಸವರಿದ ಜಾಗದಲ್ಲೇ ನಿಂತು ಹೊಡೆಯಬೇಕು, ಉಂಡೆ ಬಿದ್ದಲ್ಲಿ ಹೋಗಿ ನೋಡಬೇಕು.

ಹೊಡೆಯಲಿಕ್ಕೋ, ಓಡಿಸಲಿಕ್ಕೋ?

1972ರ ವನ್ಯಜೀವಿ ಕಾಯಿದೆ ಪ್ರಕಾರ ಕೋವಿಯ ಲೈಸೆನ್ಸು ಪ್ರಾಣಿ ಕೊಲ್ಲುವ ಲೈಸೆನ್ಸು ಅಲ್ಲ. ಇವೆರಡನ್ನು ಗೊಂದಲ ಮಾಡಿಕೊಂಡು ಕೇಸು ಹಾಕಿಸಿಕೊಂಡವರಿದ್ದಾರೆ. ಆನೆ, ನವಿಲು, ಕಾಡುಕೋಣ ಕಾಯಿದೆಯ 1ನೇ ಪಟ್ಟಿಯಲ್ಲಿವೆ. 2022ರ ತಿದ್ದುಪಡಿಯ ನಂತರ ಕಾಡುಹಂದಿ 2ನೇ ಪಟ್ಟಿಯಲ್ಲಿದೆ. ನಿಂತ ಬೆಳೆಗೆ ಹಾನಿ ಮಾಡುವ 2ನೇ ಪಟ್ಟಿಯ ಪ್ರಾಣಿಯನ್ನು ಹೊಡೆಯಲು ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರು ಅಧಿಕಾರ ಕೊಟ್ಟ ಅಧಿಕಾರಿ ಕಾರಣ ಬರೆದು ಲಿಖಿತ ಅನುಮತಿ ಕೊಡಬಹುದು (11ನೇ ಕಲಂ). ಹೊಡೆದ ಪ್ರಾಣಿ ಸರಕಾರದ್ದು. ನಮ್ಮ ಗಡಿಯಾಚೆ ಕೇರಳದಲ್ಲಿ 2022ರಲ್ಲಿ ಹಂದಿಯ ಮಟ್ಟಿಗೆ ಈ ಅಧಿಕಾರವನ್ನು ಪಂಚಾಯತು ಅಧ್ಯಕ್ಷರಂಥವರಿಗೆ ಕೊಟ್ಟರು. ಕಾಸರಗೋಡಿನ ನೆಂಟರು ಹೇಳಿದ್ದನ್ನು ಕೇಳಿ ಸುಳ್ಯದಲ್ಲಿ ಹೊಡೆಯಲಿಕ್ಕೆ ಆಗುವುದಿಲ್ಲ.

ಹಾಗಾದರೆ ಕೋವಿ ಯಾಕೆ? ಹೆಚ್ಚಿನ ದಿನ ನಮಗೆ ಬೇಕಾದ್ದು ಶಬ್ದ. ಅದಕ್ಕೆ ಚರೆ ಬೇಡ. ಮದ್ದು ಮತ್ತು ಬಿಗಿಯಾದ ಉಂಡೆ ಸಾಕು. ಚರೆಯಿಲ್ಲದಿದ್ದರೂ ಉಂಡೆ ಹತ್ತಿರದವರಿಗೆ ಗಾಯ ಮಾಡೀತು, ಹಾಗಾಗಿ ಜನರ ಕಡೆಗೆ ಬೇಡ.

ಶಬ್ದಕ್ಕೂ ಗುರಿ ಉಂಟು. ಅದು ಹೊತ್ತಿನ ಗುರಿ. ಮಂಗಗಳು ಮರ ಹತ್ತಿ ತಿನ್ನಲು ಕೂತ ಮೇಲೆ ಹೊಡೆದರೆ ಪಕ್ಕದ ಮರಕ್ಕೆ ಹಾರುತ್ತವೆ ಅಷ್ಟೆ. ಕಾಡಂಚಿನಿಂದ ಹೊರಡುವಾಗಲೇ ಹೊಡೆದರೆ ಹಿಂದೆ ಹೋಗುತ್ತವೆ. ದಿನಾ ಒಂದೇ ಜಾಗ, ಒಂದೇ ಹೊತ್ತು ಆದರೆ ವಾರದಲ್ಲಿ ಅವಕ್ಕೆ ಅಭ್ಯಾಸ. ಹಂದಿಗೂ ಹಾಗೆಯೇ. ಅಪರೂಪಕ್ಕೆ, ಜಾಗ ಬದಲಿಸಿ, ಬರುವ ಹಾದಿಯಲ್ಲಿ ಒಂದು ಈಡು; ಮನೆ ಜಗಲಿಯಿಂದ ಹೊಡೆದ ಹತ್ತಕ್ಕಿಂತ ಮೇಲು. ಕತ್ತಲಲ್ಲಿ ಹಂದಿಗೆ ಚರೆ ಹೊಡೆದು ಗಾಯ ಮಾಡುವುದು ಎಲ್ಲಕ್ಕಿಂತ ಕೆಟ್ಟದ್ದು. ಬೆಳಿಗ್ಗೆ ಹುಲ್ಲಿಗೆ ಹೋದ ಹೆಂಗಸರ ಮೇಲೆ ಅದು ತಿರುಗಿ ಬೀಳುತ್ತದೆ.

ಶಬ್ದಕ್ಕೆ ಪಿವಿಸಿ ಪೈಪಿನ ಕಾರ್ಬೈಡ್ ಕೋವಿ ಅಗ್ಗ ಅಂತ ಹಲವರು ತಂದಿದ್ದಾರೆ. ಕಾರ್ಬೈಡಿಗೆ ನೀರು ತಾಗಿ ಬರುವ ಗ್ಯಾಸಿಗೆ ಕಿಡಿ ಕೊಡುವುದು ಅದರ ಕ್ರಮ. 2025ರ ದೀಪಾವಳಿಯಲ್ಲಿ ಮಧ್ಯಪ್ರದೇಶದಲ್ಲಿ ಇದರಿಂದ ತುಂಬಾ ಮಕ್ಕಳ ಕಣ್ಣಿಗೆ ಪೆಟ್ಟಾಯಿತು. ಸಿಡಿಯಲಿಲ್ಲ ಅಂತ ಪೈಪಿನೊಳಗೆ ಇಣುಕುವಾಗಲೇ ಸಿಡಿಯುವುದು. ಲೈಸೆನ್ಸು ಬೇಡದ್ದೆಲ್ಲ ಆಟದ ಸಾಮಾನಲ್ಲ. ಹಂದಿ ಹಾದಿಗೆ ಕೋವಿ ಕಟ್ಟಿ ಹಗ್ಗ ಎಳೆದಿಡುವುದು, ಸಿಡಿಮದ್ದಿನ ಉಂಡೆ ಇಡುವುದು ಅಪರಾಧ. ಅದಕ್ಕೆ ಹಂದಿ ಯಾವುದು, ಮನುಷ್ಯ ಯಾರು ಅಂತ ಗೊತ್ತಿಲ್ಲ.

ಲೈಸೆನ್ಸಿನ ಬಗ್ಗೆ ಗೊತ್ತಿರಬೇಕಾದ್ದು

1959ರ ಶಸ್ತ್ರಾಸ್ತ್ರ ಕಾಯಿದೆಯ 13ನೇ ಕಲಂ ಪ್ರಾಮಾಣಿಕ ಬೆಳೆ ರಕ್ಷಣೆಗೆ ಬಾಯಿಯಿಂದ ತುಂಬುವ ಕೋವಿಗೆ ಲೈಸೆನ್ಸು ಕೊಡಬೇಕು ಅನ್ನುತ್ತದೆ. ಅದು ಸಾಲದು ಅಂತ ಅಧಿಕಾರಿಗೆ ಮನವರಿಕೆ ಆದರೆ ಬೇರೆ ನುಣುಪು ನಳಿಗೆಯ ಕೋವಿಗೂ ಕೊಡಬಹುದು. ರೈಫಲಿನ ಮಾತು ಅಲ್ಲಿಲ್ಲ, ಅದು ಸರಿಯೂ ಹೌದು. ಸಣ್ಣ .22 ರೈಫಲಿನ ಗುಂಡು ಕೂಡ ಒಂದು ಮೈಲಿಗಿಂತ ದೂರ ಹೋದೀತು. ತೋಟಕ್ಕೊಂದು ಮನೆ ಇರುವ ನಮ್ಮೂರಲ್ಲಿ ಅದು ಎಲ್ಲಿ ನಿಲ್ಲುತ್ತದೆ ಅಂತ ಹೇಳುವವರು ಯಾರು?

ಪಕ್ಕದ ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಭೂಮಿಯವರಿಗೂ ಲೈಸೆನ್ಸಿನಿಂದ ವಿನಾಯಿತಿ ಉಂಟು. ಬ್ರಿಟಿಷರ ಕಾಲದ ಆ ವಿನಾಯಿತಿಯನ್ನು 2019ರಲ್ಲಿ ಹತ್ತು ವರ್ಷಕ್ಕೆ, 2029ರವರೆಗೆ ಮುಂದುವರಿಸಿದರು. ಘಟ್ಟದ ಕೆಳಗಿನ ನಮಗೆ ಅದಿಲ್ಲ. ಪುಷ್ಪಗಿರಿ ವನ್ಯಧಾಮದ 10 ಕಿಲೋಮೀಟರ್ ಒಳಗಿನ ಸುಬ್ರಹ್ಮಣ್ಯದ ಕಡೆಯವರಿಗೆ ಹೊಸ ಲೈಸೆನ್ಸು ಬೇಕಾದರೆ ಮುಖ್ಯ ವನ್ಯಜೀವಿ ಪರಿಪಾಲಕರ ಒಪ್ಪಿಗೆಯೂ ಬೇಕು.

2019ರ ತಿದ್ದುಪಡಿಯಿಂದ ಲೈಸೆನ್ಸಿನ ಅವಧಿ ಮೂರರಿಂದ ಐದು ವರ್ಷಕ್ಕೆ ಏರಿದೆ. 2016ರ ನಿಯಮದಂತೆ 70 ವರ್ಷ ದಾಟಿದವರು, ಅಥವಾ 25 ವರ್ಷ ಕೋವಿ ಇಟ್ಟುಕೊಂಡವರು, ಬದುಕಿರುವಾಗಲೇ ವಾರಸುದಾರರ ಹೆಸರಿಗೆ ವರ್ಗಾಯಿಸಲು ಅರ್ಜಿ ಕೊಡಬಹುದು. ಅಪ್ಪ ತೀರಿಹೋದ ಮೇಲೆ ಲೈಸೆನ್ಸಿಲ್ಲದ ಕೋವಿಯನ್ನು ಅಟ್ಟದಲ್ಲಿ ಇಟ್ಟುಕೊಳ್ಳುವ ಬದಲು ಇದನ್ನು ಮೊದಲೇ ಮಾಡುವುದು ಒಳ್ಳೆಯದು.

ಚುನಾವಣೆ ಬಂದಾಗ ಕೋವಿ ಠಾಣೆಗೆ. 2024ರ ಲೋಕಸಭೆ ಚುನಾವಣೆಗೆ ಮಾರ್ಚಿ 16ರಿಂದಲೇ ನೀತಿಸಂಹಿತೆ ಇತ್ತು, ಎಣಿಕೆ ಜೂನ್ 4ಕ್ಕೆ. ಗೇರುಬೀಜದ ಕಾಲ ಪೂರ್ತಿ ಅದರಲ್ಲೇ ಹೋಯಿತು. ಯಾರ ಕೋವಿ ಇಡಿಸಬೇಕು ಅಂತ ನೋಡಲು ಜಿಲ್ಲೆಯಲ್ಲಿ ಪರಿಶೀಲನಾ ಸಮಿತಿ ಇರುತ್ತದೆ. ವಿನಾಯಿತಿ ಬೇಕಾದವರು ಬೆಳೆ ಹಾನಿಯ ದಾಖಲೆ ಇಟ್ಟು ಮುಂಚಿತವಾಗಿ ಅರ್ಜಿ ಕೊಡಬೇಕು. ಅರ್ಜಿ ಕೊಡದೆ ಬೈದರೆ ಪ್ರಯೋಜನ ಇಲ್ಲ. ಹಾನಿಯಾದಾಗ ಫೋಟೋ ತೆಗೆದು ಅರಣ್ಯ ಇಲಾಖೆಗೆ ಪರಿಹಾರದ ಅರ್ಜಿ ಹಾಕಿದ್ದರೆ ಅದೇ ಇಲ್ಲಿಯೂ ದಾಖಲೆ.

ಠಾಣೆಯಿಂದ ತಂದ ಕೋವಿಯನ್ನು ನೇರ ತುಂಬಬೇಡಿ. ಸಲಾಕೆ ಇಳಿಸಿ ಗೆರೆ ನೋಡಿ, ಬಟ್ಟೆ ಹಾಕಿ ಎಳೆಯಿರಿ. ಬಟ್ಟೆ ಕೆಂಪಾಗಿ ಬಂದರೆ ಒಳಗೆ ತುಕ್ಕು. ಅಂಥ ನಳಿಗೆಯನ್ನು ರಿಪೇರಿಯವರು ನೋಡಿದ ಮೇಲೆಯೇ ಬಳಸಬೇಕು.

ಸಲಾಕೆಗೆ ಎರಡು ಗೆರೆ, ಎರಡು ಅಳತೆ ಕೊಳವೆ, ಒಂದು ನೋಟುಪುಸ್ತಕ. ಖರ್ಚು ಇಷ್ಟೇ. ನಿಮ್ಮಲ್ಲಿ ಬೇರೆ ಕ್ರಮ ಇದ್ದರೆ, ಶಬ್ದದಿಂದ ಮಂಗ, ಹಂದಿ ಓಡಿಸುವ ಹೊಸ ಉಪಾಯ ಇದ್ದರೆ ಬರೆಯಿರಿ. ಎಲ್ಲರಿಗೂ ಉಪಕಾರ ಆದೀತು.